ಕೊಡಚಾದ್ರಿ ಹತ್ತುವ ಮುನ್ನ ಉಣ್ಣಬೇಕೋ, ಬರಿಹೊಟ್ಟೆಯಲ್ಲಿ ಹೊರಡಬೇಕೋ?

ಸಾಗರದ ಚಾರಣಿಗ:
ಮುಂದಿನ ಭಾನುವಾರ ನಮ್ಮ ತಂಡ ಕೊಡಚಾದ್ರಿಗೆ ಹೊರಟಿದೆ. ಕೊಬ್ಬು ಕರಗಬೇಕಾದರೆ ಹಿಂದಿನ ರಾತ್ರಿ ಅನ್ನ ಬಿಟ್ಟು, ಬೆಳಿಗ್ಗೆ ಬರಿಹೊಟ್ಟೆಯಲ್ಲೇ ಹತ್ತಬೇಕೆಂದು ಗೆಳೆಯರೊಬ್ಬರು ಹೇಳುತ್ತಿದ್ದಾರೆ. ತಿಳಿದವರು ದಯವಿಟ್ಟು ವಿವರಿಸಿ.

ಹೊಸನಗರದ ಸೈಕಲ್ ಸವಾರ:
ನಿಮ್ಮ ಗೆಳೆಯರ ಮಾತು ಸರಿಯೆಂದೇ ನನ್ನ ಅಭಿಪ್ರಾಯ. ತೆಳ್ಳಗಿನವರ ಮೈಯಲ್ಲೂ ಹತ್ತಾರು ಸಾವಿರ ಕಿಲೋಕ್ಯಾಲೊರಿಯಷ್ಟು ಕೊಬ್ಬು ಇರುತ್ತದೆ, ಉಪವಾಸದಲ್ಲಿ ಕೊಬ್ಬನ್ನು ಹಿಡಿದಿಡುವ ಇನ್ಸುಲಿನ್ ಹಾರ್ಮೋನು ಇಳಿದಿರುವುದರಿಂದ ಅದು ಸುಲಭವಾಗಿ ಬಳಕೆಗೆ ಬರುತ್ತದೆ. ಹೀಗಿರುವಾಗ ಅನ್ನದ ಹಂಗೇಕೆ?

ತೀರ್ಥಹಳ್ಳಿಯ ಉಪನ್ಯಾಸಕಿ:
ಕೊಬ್ಬು ಬೇಕಾದಷ್ಟಿದೆ, ನಿಜ. ಆದರೆ ಅದರಿಂದ ಶಕ್ತಿ ದೊರೆಯುವ ವೇಗ ಕಡಿಮೆ. ಕಡಿದಾದ ಏರಿನಲ್ಲಿ ಉಸಿರು ಬಿಗಿಯುವಷ್ಟು ಶ್ರಮಿಸುವಾಗ ಸ್ನಾಯುಗಳು ಮುಖ್ಯವಾಗಿ ಗ್ಲೈಕೋಜನ್ನನ್ನೇ, ಅಂದರೆ ದೇಹ ಕೂಡಿಟ್ಟ ಗ್ಲೂಕೋಸನ್ನೇ, ಬಳಸುತ್ತವೆ. ನಾವು ಉಂಡ ಅನ್ನ, ಕಡುಬು, ರೊಟ್ಟಿಯ ಪಿಷ್ಟ ಗ್ಲೂಕೋಸ್ ಆಗಿ ರಕ್ತ ಸೇರುತ್ತದೆ; ಆ ಕ್ಷಣಕ್ಕೆ ಬೇಡವಾದದ್ದು ಗ್ಲೈಕೋಜನ್ ರೂಪದಲ್ಲಿ ಸ್ನಾಯುಗಳಲ್ಲಿ ಸುಮಾರು 400 ಗ್ರಾಂ, ಯಕೃತ್ತಿನಲ್ಲಿ ಸುಮಾರು 100 ಗ್ರಾಂವರೆಗೆ ಸಂಗ್ರಹವಾಗುತ್ತದೆ. ಇಲ್ಲಿ ಬಹಳ ಮಂದಿ ಗಮನಿಸದ ಸಂಗತಿಯೊಂದಿದೆ: ಗ್ಲೂಕೋಸನ್ನು ರಕ್ತಕ್ಕೆ ಬಿಡಲು ಬೇಕಾದ ಕಿಣ್ವ ಸ್ನಾಯುವಿನಲ್ಲಿಲ್ಲದ ಕಾರಣ, ತೊಡೆಯ ಗ್ಲೈಕೋಜನ್ ತೊಡೆಗಷ್ಟೇ ಉಪಯೋಗಕ್ಕೆ ಬರುತ್ತದೆ, ಮಿದುಳಿಗೆ ಬೇಕಾದ ಗ್ಲೂಕೋಸನ್ನು ಯಕೃತ್ತೇ ಒದಗಿಸಬೇಕಾಗುತ್ತದೆ. ನಾವು ಮಲಗಿರುವಾಗ ಖರ್ಚಾಗುವುದು ಹೆಚ್ಚಾಗಿ ಈ ಯಕೃತ್ತಿನ ಸಂಗ್ರಹವೇ. ರಾತ್ರಿಯ ಅನ್ನವನ್ನೂ ಬಿಟ್ಟು ಗಂಟೆಗಟ್ಟಲೆ ಹತ್ತಿದರೆ ತಲೆಸುತ್ತು, ಕಾಲು ಸೋಲುವುದು ಅಚ್ಚರಿಯಲ್ಲ.

ಹೊಸನಗರದ ಸೈಕಲ್ ಸವಾರ:
ಹಾಗಾದರೆ ಹೆಚ್ಚು ಉಂಡ ಅನ್ನವೆಲ್ಲ ಕೊಬ್ಬಾಗುವುದಿಲ್ಲವೇ?

ತೀರ್ಥಹಳ್ಳಿಯ ಉಪನ್ಯಾಸಕಿ:
ದುಡಿದು ಬರಿದಾದ ಸ್ನಾಯುವಿಗೆ ಮೊದಲ ಪಾಲು ಸಲ್ಲುತ್ತದೆ. 1966ರಲ್ಲಿ ಸ್ವೀಡನ್ನಿನ ಸಂಶೋಧಕರಾದ ಬರ್ಗ್‌ಸ್ಟ್ರಾಮ್ ಮತ್ತು ಹಲ್ಟ್‌ಮನ್ ಒಂದೇ ಕಾಲಿನಿಂದ ದಣಿಯುವವರೆಗೆ ಪೆಡಲ್ ತುಳಿದು, ಬಳಿಕ ಮೂರು ದಿನ ಕಾರ್ಬೋಹೈಡ್ರೇಟ್ ಹೆಚ್ಚಿರುವ ಆಹಾರ ಸೇವಿಸಿದರು. ತುಳಿದ ಕಾಲಿನ ಸ್ನಾಯುವಿನಲ್ಲಿ ಗ್ಲೈಕೋಜನ್ ಇನ್ನೊಂದು ಕಾಲಿಗಿಂತ ಸುಮಾರು ಇಮ್ಮಡಿಯಾಗಿತ್ತು. ಎರಡೂ ಕಾಲು ಒಬ್ಬರದೇ, ಊಟವೂ ಒಂದೇ ಎಂಬುದರಿಂದಲೇ ಈ ಪ್ರಯೋಗ ನನಗೆ ಬಹಳ ಮೆಚ್ಚುಗೆ. ಇನ್ನು ಮೈ ಇಳಿಯುವುದು ದಿನವಿಡೀ ಉಂಡದ್ದು ಮತ್ತು ಖರ್ಚಾದದ್ದರ ಲೆಕ್ಕದಿಂದಲೇ ಹೊರತು, ಆ ಒಂದು ಗಂಟೆಯಲ್ಲಿ ಕರಗಿದ ಕೊಬ್ಬಿನಿಂದಲ್ಲ.

ಶಿವಮೊಗ್ಗದ ಓಟಗಾರ:
ನಿಧಾನವಾಗಿ ಮುಕ್ಕಾಲು ಗಂಟೆ ನಡೆಯುವ ಆರೋಗ್ಯವಂತರಿಗೆ ಬರಿಹೊಟ್ಟೆ ತೊಂದರೆ ಕೊಡದು. ಅಷ್ಟರಮಟ್ಟಿಗೆ ಹೊಸನಗರದವರ ಮಾತನ್ನು ಒಪ್ಪುತ್ತೇನೆ. ಆದರೆ ಕೊಡಚಾದ್ರಿ 1,343 ಮೀಟರ್ ಎತ್ತರದ ಬೆಟ್ಟ. ಸಾಗರದವರೇ, ಹೊರಡುವ ಎರಡು ಮೂರು ಗಂಟೆ ಮೊದಲು ಅಕ್ಕಿರೊಟ್ಟಿಯನ್ನೋ ಅವಲಕ್ಕಿಯನ್ನೋ ತಿನ್ನಿ; ದಾರಿಯಲ್ಲಿ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಸಿಗುವಂತೆ ಬಾಳೆಹಣ್ಣು, ಬೆಲ್ಲ ಇಟ್ಟುಕೊಳ್ಳಿ. ಇಳಿದ ಮೇಲೆ ಊಟ ತಡಮಾಡಬೇಡಿ, ಏಕೆಂದರೆ ದಣಿದ ಮೊದಲ ಕೆಲವು ಗಂಟೆಗಳಲ್ಲಿ ಗ್ಲೈಕೋಜನ್ ವೇಗವಾಗಿ ತುಂಬಿಕೊಳ್ಳುತ್ತದೆ.

ತೀರ್ಥಹಳ್ಳಿಯ ಉಪನ್ಯಾಸಕಿ:
ತಂಡದಲ್ಲಿ ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರಿದ್ದರೆ, ಅವರು ವೈದ್ಯರನ್ನು ಕೇಳದೆ ಊಟದ ಹೊತ್ತನ್ನು ಬದಲಿಸುವುದು ಬೇಡ.