ಸಹಾಯ ಬೇಕು: ಕಡಲ ಮಾಡೆಲ್‌ನಲ್ಲಿ ಪೊಟೆನ್ಶಿಯಲ್ ವೋರ್ಟಿಸಿಟಿ ಕೈಕೊಡುತ್ತಿದೆ

ಎಲ್ಲರಿಗೂ ನಮಸ್ಕಾರ. ಗೋವಾದ ವಾಸ್ಕೋದಲ್ಲಿದ್ದೇನೆ. ಎಂಎಸ್ಸಿ ಪ್ರಾಜೆಕ್ಟ್‌ಗೆ ಪೈಥಾನ್‌ನಲ್ಲಿ ಸಣ್ಣ ಕಡಲ ಮಾಡೆಲ್ ಬರೆದಿದ್ದೇನೆ. ಒಂದೇ ಪದರದ ನೀರು, ಅರಕಾವಾ ಸಿ ಗ್ರಿಡ್ (ಆಳ, ವೇಗಗಳನ್ನು ಚೌಕದ ಬೇರೆ ಬೇರೆ ಜಾಗದಲ್ಲಿ ಇಡುವ ಜಾಲ).

ತಳ ಸಮತಟ್ಟಾಗಿದ್ದರೆ ತೊಂದರೆ ಇಲ್ಲ. 2000 ಮೀಟರ್‌ನಿಂದ 200ಕ್ಕೆ ಏರುವ ಇಳಿಜಾರು ಹಾಕಿದರೆ ಮುಗೀತು. ನೀರಿನ ಕಂಬ ಗಿಡ್ಡವಾದಷ್ಟೂ ಅದರ ಒಟ್ಟು ಸುತ್ತು, ಭೂಮಿಯದ್ದೂ ಸೇರಿ, ಅದೇ ಪ್ರಮಾಣದಲ್ಲಿ ಇಳಿಯಬೇಕು, ಅಲ್ವಾ? ಗಾಳಿ, ಘರ್ಷಣೆ ಎರಡೂ ಸೊನ್ನೆ ಇಟ್ಟಿದ್ದೇನೆ. ಆದರೂ ಸುತ್ತನ್ನು ಆಳದಿಂದ ಭಾಗಿಸಿದ ಸಂಖ್ಯೆ, ಅಂದರೆ ಪೊಟೆನ್ಶಿಯಲ್ ವೋರ್ಟಿಸಿಟಿ, ಒಂದೇ ಕಡೆ ನಿಲ್ಲುತ್ತಿಲ್ಲ. ಇಳಿಜಾರಿನ ಅಂಚಿನಲ್ಲಿ ಚೆಸ್ ಬೋರ್ಡಿನಂತೆ ಕೆಂಪು-ನೀಲಿ ಚೌಕಗಳು! ಕೊರಿಯಾಲಿಸ್ (ಸುತ್ತಿನಲ್ಲಿ ಭೂಮಿಯ ಪಾಲು) 15.5 ಡಿಗ್ರಿ ಅಕ್ಷಾಂಶಕ್ಕೆ ಸೆಕೆಂಡಿಗೆ 0.000039 ಇಟ್ಟಿದ್ದೇನೆ, ಮೂರು ಸಲ ನೋಡಿದೆ.

ನನ್ನ ಅನುಮಾನ ಆಳದ ಮೇಲೆ. ಆಳ ಚೌಕದ ನಡುವೆ, ವೋರ್ಟಿಸಿಟಿ (ನೀರಿನ ಸುತ್ತು) ಮೂಲೆಯಲ್ಲಿ. ಸುಮ್ನೆ ಸುತ್ತಲಿನ ನಾಲ್ಕು ಆಳಗಳ ಸರಾಸರಿಯಿಂದ ಭಾಗಿಸುತ್ತಿದ್ದೇನೆ. ಸದೂರ್ನಿಯ 1975ರ ಎನ್‌ಸ್ಟ್ರೋಫಿ (ಸುತ್ತಿನ ವರ್ಗದ ಮೊತ್ತ) ಉಳಿಸುವ ಲೆಕ್ಕದ ಸ್ಕೀಮ್ ಸಾಕಾ, ಅರಕಾವಾ-ಲ್ಯಾಂಬ್ 1981 ಬೇಕಾ? ಎರಡನೆಯದು ಶಕ್ತಿಯನ್ನೂ ಉಳಿಸುತ್ತದೆ ಅನ್ನೋದು ಗೊತ್ತು, ಆದರೆ ಅದರ ಸೂತ್ರ ನೋಡಿದರೇ ತಲೆ ತಿರುಗುತ್ತದೆ.

"ಸಮುದ್ರ ಪಕ್ಕದಲ್ಲೇ ಇದೆಯಲ್ಲೋ, ಹೋಗಿ ನೋಡಬಾರದಾ" ಅಂತಾರೆ ಅಮ್ಮ. ಪಣಜಿ ಕಡೆ ಯಾರಾದರೂ ಇದನ್ನು ಮಾಡಿದವರಿದ್ದರೆ ಹೇಳಿ, ಲ್ಯಾಪ್‌ಟಾಪ್ ಹಿಡ್ಕೊಂಡು ನಾನೇ ಬರುತ್ತೇನೆ.