ಕಳ್ಳನಿಗೆ ಸೆರೆಯೋ, ಕಳೆದುಕೊಂಡವನಿಗೆ ಪರಿಹಾರವೋ?

ಪಾಂಡವಪುರದ ರೈತ: ನನ್ನ ಪಂಪ್‌ಸೆಟ್ಟಿನ ಕೇಬಲ್ ಕದ್ದ ಹುಡುಗ ಸಿಕ್ಕಿಬಿದ್ದ. ಸಾಕ್ಷಿ ಹೇಳಲು ಮೂರು ವರ್ಷ ಕೋರ್ಟಿಗೆ ಅಲೆದೆನೇ ಹೊರತು ನೀರಿಲ್ಲದೆ ಒಣಗಿದ ಕಬ್ಬಿಗೆ ಒಂದು ರೂಪಾಯಿಯೂ ಬರಲಿಲ್ಲ. ನ್ಯೂಜಿಲೆಂಡಿನಲ್ಲಿ 1989ರ ಕಾಯ್ದೆಯ ಪ್ರಕಾರ ತಪ್ಪು ಮಾಡಿದ ಬಾಲಕ, ಅವನ ಮನೆಯವರು ಮತ್ತು ನೊಂದವರು ಒಟ್ಟಿಗೆ ಕುಳಿತು ನಷ್ಟ ತುಂಬಿಕೊಡುವ ಬಗೆಯನ್ನು ತೀರ್ಮಾನಿಸುತ್ತಾರೆ. ನಮ್ಮ ಅರಳಿಕಟ್ಟೆಯಲ್ಲಿ ನಡೆಯುತ್ತಿದ್ದುದೂ ಇದೇ. ಈ ಪುನಃಸ್ಥಾಪನಾ ನ್ಯಾಯ ದೇಶದಾದ್ಯಂತ ಬರಬೇಕು.

ಮೈಸೂರಿನ ವಕೀಲೆ: ದಯವಿಟ್ಟು ಅರಳಿಕಟ್ಟೆಯನ್ನು ಇದಕ್ಕೆ ಹೋಲಿಸಬೇಡಿ. ಅಲ್ಲಿ ಯಜಮಾನರು ಹಾಕುತ್ತಿದ್ದ ದಂಡ ದೇವಸ್ಥಾನಕ್ಕೆ ಹೋಗುತ್ತಿತ್ತು, ನೊಂದವರ ಕೈಗಲ್ಲ.

ಪಾಂಡವಪುರದ ರೈತ: "ದೇವಸ್ಥಾನಕ್ಕೆ" ಎಂದು ಎಲ್ಲ ಊರುಗಳನ್ನೂ ಒಂದೇ ತಕ್ಕಡಿಗೆ ಹಾಕಬೇಡಿ, ಮೇಡಂ. ನಮ್ಮ ತಾತ ಯಜಮಾನರಾಗಿದ್ದಾಗ, ದನ ನುಗ್ಗಿ ಗದ್ದೆ ಹಾಳಾದರೆ, ದನದ ಒಡೆಯನಿಂದ ಭತ್ತವನ್ನೇ ಅಳೆಸಿ ಕೊಡಿಸುತ್ತಿದ್ದರು.

ಮಳವಳ್ಳಿಯ ಶಿಕ್ಷಕ: ನಿಮ್ಮ ತಾತ ಕಟ್ಟೆಯ ಮೇಲೆ ಕುಳಿತಿದ್ದರು, ನನ್ನ ತಾತ ದೂರದಲ್ಲಿ ಕೈಕಟ್ಟಿ ನಿಂತಿದ್ದರು. ಅವರಿಗೆ "ರಾಜಿ ಮಾಡಿಕೋ" ಎಂಬ ಮಾತು ಸಲಹೆಯಾಗಿರಲಿಲ್ಲ, ಅಪ್ಪಣೆಯಾಗಿತ್ತು. ನೀವು ಹೇಳಿದ ಅದೇ 1989ರಲ್ಲಿ ನಮ್ಮ ಸಂಸತ್ತು ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಯನ್ನು ಮಾಡಿತು. ಕಟ್ಟೆಯ ನ್ಯಾಯ ಎಲ್ಲರಿಗೂ ಸಿಕ್ಕಿದ್ದರೆ ಅದು ಏಕೆ ಬೇಕಾಗುತ್ತಿತ್ತು?

ಪಾಂಡವಪುರದ ರೈತ: ತೀರಿಹೋದ ಹಿರಿಯರನ್ನು ಇಲ್ಲಿಗೆ ಎಳೆಯುವುದು ಶೋಭೆಯಲ್ಲ. ಅವರು ಅಪ್ಪಣೆ ಮಾಡಿದ್ದನ್ನು ನೀವು ಕಂಡಿದ್ದೀರಾ?

ಮಳವಳ್ಳಿಯ ಶಿಕ್ಷಕ: ಹಿರಿಯರನ್ನು ಮೊದಲು ಕರೆತಂದವರು ನೀವೇ. ನಾನು ಕಂಡದ್ದು ನನ್ನ ಮನೆಯವರ ಮೌನವನ್ನು.

ನಿವೃತ್ತ ಪೊಲೀಸ್, ಮಂಡ್ಯ: ಕೇಬಲ್ಲಿನ ಮಾತಿಗೆ ಉತ್ತರ ಕಾನೂನಿನಲ್ಲೇ ಇದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಮಿನ ಪ್ರಕಾರ, ಕದ್ದ ಮಾಲಿನ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಸಲ ಶಿಕ್ಷೆಗೊಳಗಾದವನು ಮಾಲನ್ನೋ ಬೆಲೆಯನ್ನೋ ಹಿಂದಿರುಗಿಸಿದರೆ, ಅವನಿಗೆ ಸಮುದಾಯ ಸೇವೆಯೇ ಶಿಕ್ಷೆ.

ಪಾಂಡವಪುರದ ರೈತ: "ಹಿಂದಿರುಗಿಸಿದರೆ" ಎಂದಿರಿ. ಕೇಬಲ್ ಬರುತ್ತದೆ, ಸರಿ, ಒಣಗಿದ ಕಬ್ಬು? ಅದೂ ಅಪರಾಧ ಸಾಬೀತಾದ ಮೇಲೆ ತಾನೇ?

ಮೈಸೂರಿನ ವಕೀಲೆ: ಸಾಬೀತಾಗುವ ಮೊದಲೇ ಎದುರುಬದುರು ಕೂರಿಸಿದರೆ ಬಡವನನ್ನು ಹೆದರಿಸಿ ಒಪ್ಪಿಸುತ್ತಾರೆ. ಅತ್ಯಾಚಾರದ ಪ್ರಕರಣದಲ್ಲಿ ರಾಜಿಯನ್ನು ಯೋಚಿಸಲೂ ಕೂಡದೆಂದು ಸುಪ್ರೀಂ ಕೋರ್ಟು 2015ರ ಮದನ್‌ಲಾಲ್ ಪ್ರಕರಣದಲ್ಲಿ ಹೇಳಿದೆ.

ಪಾಂಡವಪುರದ ರೈತ: ನಾನು ಕೇಬಲ್ಲಿನ ವಿಷಯ ಹೇಳಿದರೆ ನೀವು ಅತ್ಯಾಚಾರದ ತೀರ್ಪು ತೋರಿಸುತ್ತೀರಿ. ಆ ಹುಡುಗ ನನ್ನ ಗದ್ದೆಯಲ್ಲಿ ಒಂದು ತಿಂಗಳು ದುಡಿದು ತೀರಿಸಿದ್ದರೆ ನಾನು ದೂರನ್ನೇ ಕೊಡುತ್ತಿರಲಿಲ್ಲ.

ಮಳವಳ್ಳಿಯ ಶಿಕ್ಷಕ: "ದುಡಿದು ತೀರಿಸುವುದು" ಎಂದರೆ ಜೀತ. ಅದನ್ನು 1976ರಲ್ಲೇ ಕಾನೂನು ರದ್ದು ಮಾಡಿದೆ.