ಪದಚರ್ಚೆ: ಫಲಕಕ್ಕೆ ‘ಪ್ರೊಆಕ್ಟಿವ್’ ಬೇಕಾಗಿದೆ – ಮುಂಜಾಗ್ರತೆಯೋ, ಪೂರ್ವಭಾವಿಯೋ?

ರಾಜಕಾಲುವೆಯ (ಮಳೆನೀರು ಹರಿಯುವ ದೊಡ್ಡ ಕಾಲುವೆ) ದಡದಲ್ಲಿ ಸಂಘದವರು ನೆಡುವ ಫಲಕಕ್ಕೆ ‘ಪ್ರೊಆಕ್ಟಿವ್’ (ಯಾರೂ ಹೇಳುವ ಮುಂಚೆ ತಾನಾಗಿ ಮಾಡುವ) ಎಂಬುದಕ್ಕೆ ಕನ್ನಡ ಪದ ಕೇಳಿದ್ದೀರಿ. ನಾಳೆ ಬೆಳಗ್ಗೆಯೇ ಪೇಂಟರ್ ಬರುತ್ತಾರೆ ಎಂದೂ ಬರೆದಿದ್ದೀರಿ, ಹಾಗಾಗಿ ಮೊದಲು ಫಲಕದ ಸಾಲು: ‘ಈ ರಾಜಕಾಲುವೆಯ ಹೂಳನ್ನು ಮಳೆಗೆ ಮೊದಲೇ ತೆಗೆಯುತ್ತೇವೆ. ಕಸ ಹಾಕಬೇಡಿ.’ ಇಂಗ್ಲಿಷಿನವರು ಗುಣವಾಚಕ ಮಾಡಿಕೊಂಡದ್ದನ್ನು ನಾವು ‘ಮೊದಲೇ’ ಎಂದು ಕ್ರಿಯಾಪದಕ್ಕೆ ಜೋಡಿಸಿ ಮುಗಿಸುತ್ತೇವೆ. ಅದಕ್ಕೊಂದು ನಾಮಪದ ಹೊಸೆಯುವ ಅಗತ್ಯವೇ ಇಲ್ಲ.

‘ಮುಂಗಾರಿಗೆ ಮುನ್ನ’ ಎಂದು ಮಾತ್ರ ಬರೆಸಬೇಡಿ. ಮುಂಗಾರು ಬರುವುದು ಜೂನ್‌ನಲ್ಲಿ; ಬೆಂಗಳೂರಿನಲ್ಲಿ ಏಪ್ರಿಲ್, ಮೇ ತಿಂಗಳ ಅಶ್ವಿನಿ, ಭರಣಿ ಮಳೆಗೇ ಕಾಲುವೆ ಉಕ್ಕುತ್ತದೆ.

ಇನ್ನು ‘ಮುಂಜಾಗ್ರತೆ ಅರಿಸಮಾಸ, ಬಿಸಾಡಿ’ ಎಂದು ಒಂದೇ ಸಾಲಿನಲ್ಲಿ ತಳ್ಳಿಹಾಕಿದವರಿಗೆ ಒಂದು ಮಾತು. ಕನ್ನಡ ಪದಕ್ಕೆ ಸಂಸ್ಕೃತ ಪದ ಬೆಸೆಯುವುದು, ಅಂದರೆ ಅರಿಸಮಾಸ, ದೋಷ ಎಂದು 13ನೇ ಶತಮಾನದಲ್ಲಿ ವ್ಯಾಕರಣಕಾರ ಕೇಶಿರಾಜ ಹೇಳಿದ್ದು ನಿಜ. ಹಾಗಾದರೆ ‘ಮುಂಗೋಪ’ ಏನು? ‘ಮಳೆಗಾಲ’ ಏನು? ನಾವು ಯಾವುದರ ದಡದಲ್ಲಿ ಫಲಕ ನೆಡಲು ಹೊರಟಿದ್ದೇವೋ ಆ ‘ರಾಜಕಾಲುವೆ’ಯೇ ಅರಿಸಮಾಸ. ಅದನ್ನು ಅಳಿಸಿ ಏನು ಬರೆಸುತ್ತೀರಿ? ಎಂಟು ಶತಮಾನ ಜನ ಆಡಿಕೊಂಡು ಬಂದ ಮೇಲೂ ಬೆರಕೆ ಎಂದು ಮೂಗು ಮುರಿಯುವುದು ಭಾಷೆಗೆ ಮಾಡುವ ಸೇವೆಯಲ್ಲ. ಎರವಲಿನ ಜಗಳ ಇಲ್ಲಿಗೆ ಸಾಕು.

‘ಮುಂಜಾಗ್ರತೆ’ಯನ್ನು ನಾನೂ ಒಪ್ಪುವುದಿಲ್ಲ, ಆದರೆ ಕಾರಣ ಬೇರೆ. ಅದು ಅಪಾಯ ತಪ್ಪಿಸುವ ಪದ. ‘ಮುಂಜಾಗ್ರತಾ ಕ್ರಮವಾಗಿ ಪೊಲೀಸ್ ಬಂದೋಬಸ್ತ್’ ಅನ್ನುವಾಗ ಸರಿಯಾಗಿ ಕೂರುತ್ತದೆ. ಗಿರಾಕಿ ಕೇಳುವ ಮೊದಲೇ ತಾನೇ ಫೋನ್ ಮಾಡಿ ವಿಷಯ ತಿಳಿಸುವ ನೌಕರನಲ್ಲಿರುವುದು ಮುಂಜಾಗ್ರತೆಯಲ್ಲ. ಅವನು ‘ತಾನಾಗಿಯೇ ಮುಂದೆ ಬಿದ್ದು ಮಾಡುವವನು’. ಇನ್ನು ಉಳಿದ ಪದಗಳು. ‘ಪೂರ್ವಭಾವಿ’ ಸಭೆಗೆ ಮೀಸಲಾಗಿದೆ, ಅಲ್ಲೇ ಇರಲಿ. ‘ಸ್ವಯಂಪ್ರೇರಿತ’ ಎಂದರೆ ಯಾರೂ ಕೇಳದೆ ಮಾಡಿದ್ದು. ಪೊಲೀಸರು ಘಟನೆ ನಡೆದ ಮೇಲೂ ಸ್ವಯಂಪ್ರೇರಿತ ದೂರು ದಾಖಲಿಸುತ್ತಾರೆ, ಅದರಲ್ಲಿ ‘ಮುಂಚೆ’ ಎಲ್ಲಿದೆ? ‘ಮುಂಗಾಣ್ಕೆ’ (ಮುಂದಾಗುವುದನ್ನು ಮೊದಲೇ ಕಾಣುವುದು) ಚೆಂದದ ಪದ, ನನಗೂ ಇಷ್ಟ. ಆದರೆ ಅದು ಕಾಣುತ್ತದೆ, ಮಾಡುವುದಿಲ್ಲ. ಹೂಳು ಕಂಡರೆ ಸಾಲದು, ಎತ್ತಬೇಕು. ‘ಮುಂದಾಗು’ ಹತ್ತಿರ ಬರುತ್ತಿತ್ತು. ಪತ್ರಿಕೆಗಳು ಅದನ್ನು ‘ಮಾಡಹೊರಟಿದೆ’ ಎನ್ನುವುದಕ್ಕೆ ಸವೆಸಿಬಿಟ್ಟಿವೆ.

ತಾನಾಗಿ, ಮುಂಚೆ, ಮಾಡು. ಮೂರನ್ನೂ ಒಂದೇ ಪದದಲ್ಲಿ ಹಿಡಿಯುವ ಹಟ ಬಿಟ್ಟರೆ ಕನ್ನಡದಲ್ಲಿ ಕೊರತೆ ಏನೂ ಕಾಣುವುದಿಲ್ಲ.

ಸಂಘದವರು ಹಟ ಹಿಡಿದು ‘ಮುಂಜಾಗ್ರತೆ’ಯನ್ನೇ ಬರೆಸುವುದಾದರೆ ‘ಗ್ರ’ಕ್ಕೆ ರ-ಒತ್ತು ಇರಲಿ. ಊರಿನ ಎಷ್ಟೋ ಫಲಕಗಳಲ್ಲಿರುವ ‘ಮುಂಜಾಗೃತೆ’ ತಪ್ಪು. ಪೇಂಟರ್ ಕೈಗೆ ಕೊಡುವ ಚೀಟಿಯಲ್ಲೇ ಅಕ್ಷರ ದೊಡ್ಡದಾಗಿ ಬರೆದುಕೊಡಿ.